ನೇತುಬಿದ್ದವನು

ಡಿಸೆಂಬರ್ 2, ಸೋಮವಾರ

ನೀರು ಕುದಿ ಬರುವ ಮೊದಲೇ ಇಳಿಸಿದೆ. ಸೋರೆ ಬುರುಡೆಗೆ ಮಾಟೆ ಸೊಪ್ಪು, ಬಿಸಿನೀರು, ಹೀರಲು ಕೊಳವೆ; ನಮ್ಮ ಚಹಾ ಇದೇ. ಮೊದಲ ಗುಟುಕು ನನಗೆ, ಎರಡನೆಯದು ತಮ್ಮ ಎವಾರಿಸ್ಟೊಗೆ. ಹಿಂದಿನ ಕೋಣೆಯಲ್ಲಿ ಆಕ್ಸಿಜನ್ ಮಷಿನ್ ಗುಂಯ್ ಎನ್ನುತ್ತಿದೆ — ಅಂದರೆ ತಮ್ಮ ಇದ್ದಾನೆ. ಕಣ್ಣು ಬಿಟ್ಟ ಕೂಡಲೇ ಕಿವಿ ಅಲ್ಲಿಗೆ ಹೋಗುತ್ತದೆ. ಆಮೇಲೆ ಕಾಲು ನೆಲಕ್ಕೆ.

ಹತ್ತರ ಹೊತ್ತಿಗೆ ಡೆಲ್ಮಿರಾ ಬಂದಳು. ಮೂಲೆಯ ಸಲೂನಿನಲ್ಲಿ ಹೆಂಗಸರ ಕೂದಲಿಗೆ ಬಣ್ಣ ಹಾಕುವವಳು. ಮದುವೆಯಾಗಬೇಕಾದ ಹುಡುಗ ಸ್ಪೇನಿಗೆ ಹೋಗಿ ಕೂತಿದ್ದಾನೆ. ಅವಳ ಪ್ರಶ್ನೆ ಯಾವಾಗಲೂ ಒಂದೇ — ಕರೆಸಿಕೊಳ್ಳುತ್ತಾನಾ? ಭವಿಷ್ಯ ಹೇಳುವ ಟ್ಯಾರೊ ಕಟ್ಟಿನಲ್ಲಿ ಅವಳು ಕೈಯಿಟ್ಟ ಕಾರ್ಡ್ ತಿರುವಿದೆ, ತಲೆಕೆಳಗಾಗಿ ನೇತಾಡುವ ಮನುಷ್ಯ. ನೇತುಬಿದ್ದವನು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಇದು ನೇಣಲ್ವಾ, ದೊನ್ಯಾ ನೀಲ್ದಾ?"

"ನೇಣಾದ್ರೆ ಹಗ್ಗ ಕುತ್ತಿಗೇಲಿ ಇರ್ಬೇಕಿತ್ತು. ಎಲ್ಲಿದೆ ನೋಡು."

"ಕಾಲಿಗೆ."

"ಒಂದೇ ಕಾಲಿಗೆ. ಇನ್ನೊಂದನ್ನ ಹೆಂಗೆ ಮಡಚ್ಕೊಂಡಿದಾನೆ ನೋಡು, ಮನೆ ಮುಂದೆ ಕುರ್ಚಿ ಹಾಕ್ಕೊಂಡು ಕೂತಂಗೆ. ಮುಖದಲ್ಲಿ ನೋವು ಕಾಣುತ್ತಾ?"

"ಇಲ್ಲ."

"ತಲೆ ಸುತ್ತ ಏನಿದೆ?"

"ಬೆಳಕು... ಪ್ರಭೆ ಥರ."

"ಅಷ್ಟೇ. ಇವನನ್ನ ಯಾರೂ ಹಿಡಿದು ಕಟ್ಟಿಲ್ಲ. ತಾನೇ ಒಪ್ಪಿ ನೇತಾಡ್ತಿದಾನೆ. ಕಾಯಿ ಅಂತ ಅರ್ಥ, ಮಗಳೇ. ಒದ್ದಾಡಿದ್ರೆ ಗಂಟು ಬಿಗಿಯಾಗುತ್ತೆ."

ಸಮಾಧಾನ ಮಾಡಿಕೊಂಡು ಹೋದಳು. ನನ್ನದು ಹಳೆಯ ಕಟ್ಟು, ನನಗೆ ಕಾರ್ಡು ಓದಲು ಕಲಿಸಿದ ದೊನ್ಯಾ ಒರ್ತೆನ್ಸಿಯಾ ಸಾಯುವಾಗ ಕೊಟ್ಟು ಹೋದದ್ದು. ಅದರಲ್ಲಿ ಪ್ರಭೆ ಗಿಭೆ ಏನೂ ಇಲ್ಲ. ಒಮ್ಮೆ ಎವಾರಿಸ್ಟೊ ಮಾಟೆ ಬುರುಡೆಯನ್ನು ಕಾರ್ಡಿನ ಮೇಲಿಟ್ಟ, ಕಂದು ಉಂಗುರ ಸರಿಯಾಗಿ ತಲೆಯ ಸುತ್ತಲೇ ಬಿತ್ತು. ಅಂದಿನಿಂದ ಗಿರಾಕಿಗಳಿಗೆ ಅದು ಪ್ರಭೆ.

ಪರದೆಯ ಆಚೆಯಿಂದ ನಗು, ಕೆಮ್ಮು, ಮತ್ತೆ ನಗು.

"ಏ ದಪ್ಪಿ, ನಾನು ಬುರುಡೆ ಇಟ್ಟೆ, ನೀನು ಬುರುಡೆ ಬಿಟ್ಟೆ."

"ನಿನ್ನ ಕೆಲಸ ನೋಡ್ಕೊ."

"ಉಸಿರಾಡೋದೊಂದೇ ನನ್ನ ಕೆಲಸ. ಅದನ್ನೂ ಮಷಿನ್ ಮಾಡ್ತಿದೆ."

ಡಿಸೆಂಬರ್ 5, ಗುರುವಾರ

ಬೆಳಗಿನ ಕಾರ್ಡ್. ಯಾರೊಂದಿಗೂ ಮಾತಾಡುವ ಮೊದಲು ಮನೆಗೆ ಒಂದು ಕಾರ್ಡ್ ತೆಗೆಯುವುದು, ಅದೂ ಒರ್ತೆನ್ಸಿಯಾ ಹಚ್ಚಿದ ಅಭ್ಯಾಸ. ನೇತುಬಿದ್ದವನು ಮತ್ತೆ ಬಂದ. ಸರಿ, ಕಾಯೋಣ. ಏನನ್ನು ಕಾಯಬೇಕೋ ಗೊತ್ತಿಲ್ಲ.

ಬೇಸಿಗೆಯ ಸೆಕೆ ಶುರುವಾಯಿತು. ಈ ಬ್ಯೂನಸ್ ಐರಿಸ್‌ನವರು ಡಿಸೆಂಬರಿನಲ್ಲಿ ಸಮುದ್ರಕ್ಕೆ ಓಡುತ್ತಾರೆ. ನಾವು ಊರಾಚೆ ತಗಡಿನ ಕೆಳಗೆ ಬೇಯುತ್ತೇವೆ. ಊಟದ ಹೊತ್ತಿಗೆ ಮಷಿನ್ ಸದ್ದು ಇಳಿಯಿತು, ನಿದ್ದೆಗಣ್ಣಿನವರು ಮಾತಾಡಿದ ಹಾಗೆ. ಎವಾರಿಸ್ಟೊ ಕಣ್ಣು ಬಿಟ್ಟು ನನ್ನನ್ನೇ ನೋಡಿದ. ಓಡಿಹೋಗಿ ಪೊರೊತೊನನ್ನು ಕರೆದೆ.

ಪೊರೊತೊ ಎದುರು ಮನೆಯವನು. ಆಳು ಹುರುಳಿಕಾಳಿನಷ್ಟು, ಅದಕ್ಕೇ ಆ ಹೆಸರು. ಬಾಡಿಗೆ ಕಾರು ಓಡಿಸುತ್ತಾನೆ. ಬಿಡುವಿದ್ದಾಗ ಇಡೀ ಓಣಿಯ ಕರೆಂಟು ಅವನ ಕೈಯಲ್ಲಿ. ಉದ್ದನೆಯ ಬಿದಿರಿನ ತುದಿಗೆ ತಂತಿಯ ಕೊಕ್ಕೆ. ಕಂಬದಿಂದ ಕಂಬಕ್ಕೆ ಹೋದ ಲೈನಿಗೆ ಸಿಕ್ಕಿಸಿದರೆ ಮನೆಗೆ ಬೆಳಕು. ಕೊಕ್ಕೆ ಅಲ್ಲಾಡಿಸಿ ನೋಡಿದ, ಮತ್ತೊಂದು ತಂತಿಗೆ ಬದಲಿಸಿದ. ಮಷಿನ್ ಗಂಟಲು ಸರಿಮಾಡಿಕೊಂಡಿತು.

"ಫ್ಯಾನ್ ಹಾಕ್ಕೊಂಡಿದ್ರಾ, ದೊನ್ಯಾ?"

"ಒಂದೂ ಇಲ್ಲ ಕಣೋ."

"ಹಂಗಾದ್ರೆ ಓಣಿಯೋರು ಎಲ್ಲ ಒಟ್ಟಿಗೆ ಹಾಕಿರ್ತಾರೆ. ನಾವೆಲ್ಲ ಒಂದೇ ತಂತಿಗೆ ನೇತುಬಿದ್ದೋರು. ಒಬ್ಬ ಕುಣಿದ್ರೆ ಎಲ್ಲರಿಗೂ ಅಲ್ಲಾಡುತ್ತೆ."

ನೇತುಬಿದ್ದೋರು. ಮೀಟರಿಲ್ಲದೆ ಕೊಕ್ಕೆ ಹಾಕಿಕೊಂಡವರಿಗೆ ಇಲ್ಲಿ ಹಾಗೇ ಅನ್ನುವುದು. ಕೊಲ್ಗಾದೊ. ಕಾರ್ಡಿನ ಕೆಳಗೆ ಅಚ್ಚಾಗಿರುವುದೂ ಅದೇ ಮಾತು. ದಿನಾ ಬಾಯಲ್ಲಿ ಆಡುತ್ತೇನೆ, ದಿನಾ ಕಾರ್ಡಿನಲ್ಲಿ ಓದುತ್ತೇನೆ. ಎರಡೂ ಒಂದೇ ಶಬ್ದ ಎಂದು ಕಿವಿಗೆ ಬಿದ್ದದ್ದು ಇವತ್ತು.

ಡಿಸೆಂಬರ್ 6, ಶುಕ್ರವಾರ

ಮತ್ತೆ ಅವನೇ.

ಸೋಮವಾರ, ಗುರುವಾರ, ಇವತ್ತು. ಒರ್ತೆನ್ಸಿಯಾಳ ನಿಯಮ ನೆನಪಾಯಿತು. ಅವಳ ಅಡುಗೆಮನೆ, ಎಣ್ಣೆ ಬಟ್ಟೆ ಹಾಸಿದ ಮೇಜು, ಬಾಯಲ್ಲಿ ಸದಾ ಸಿಗರೇಟು — "ಒಂದೇ ವಾರದಲ್ಲಿ ಒಂದೇ ಮೇಜಿನ ಮೇಲೆ ಮೂರು ಸಲ ಬಂದ್ರೆ ಕಾರ್ಡಿನ ಅರ್ಥದ ಪುಸ್ತಕ ಮುಚ್ಚಿಬಿಡು, ಹುಡುಗಿ. ಆ ಕಾರ್ಡು ಅರ್ಥ ಹೇಳೋಕೆ ಬಂದಿಲ್ಲ. ಹೆಸರು ಹೇಳೋಕೆ ಬಂದಿದೆ. ಹೆಸರು ಗಟ್ಟಿಯಾಗಿ ಕೂಗು, ಯಾರು ಓ ಅಂತಾರೋ ನೋಡು."

ಕೂಗಿದೆ. "ನೇತುಬಿದ್ದವನು."

ಹಿಂದಿನ ಕೋಣೆಯಿಂದ ಎವಾರಿಸ್ಟೊ, "ಏನೇ?" ಎಂದ. ತಮಾಷೆಗೆ ಅಂದದ್ದು. ಆದರೂ ಓ ಅಂದದ್ದು ಅವನೇ.

ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಹೊಸದಾಗಿ ನೋಡಿದೆ. ಎರಡು ಕಡೆ ಎರಡು ಮರದ ಬೊಡ್ಡೆ, ಕೊಂಬೆಗಳನ್ನು ಕಡಿದು ಮೋಟು ಉಳಿಸಿದ್ದಾರೆ. ಕರೆಂಟು ಕಂಬಕ್ಕೂ ಹತ್ತುವುದಕ್ಕೆ ಹಾಗೇ ಮೊಳೆ ಹೊಡೆದಿರುತ್ತಾರೆ. ಮೇಲೆ ಅಡ್ಡ ತೊಲೆ, ಅದೇ ಲೈನು. ತೊಲೆಯಿಂದ ಇಳಿದ ತೆಳ್ಳನೆಯ ಹಗ್ಗ. ಅದರ ತುದಿಗೆ ಮನುಷ್ಯ, ಕೈ ಎರಡೂ ಬೆನ್ನ ಹಿಂದೆ, ಏನೂ ಮಾಡಲಾಗದವನು. ಇದು ಸಂತನಲ್ಲ, ತ್ಯಾಗವೂ ಅಲ್ಲ. ಇದು ನಮ್ಮ ಮನೆ. ಇಷ್ಟು ವರ್ಷ ಊರಿಗೆಲ್ಲ ಅರ್ಥ ಹೇಳಿದೆ, ನನ್ನ ಮನೆಯ ಚಿತ್ರ ನನಗೇ ಕಾಣಲಿಲ್ಲ.

ಕೊಕ್ಕೆ ಬಿಡಿಸಿಕೊಳ್ಳಬೇಕು. ರೇಡಿಯೊದಲ್ಲಿ ಹೇಳುತ್ತಿದ್ದರು: ಮನೆಯಲ್ಲಿ ಮಷಿನ್ ಮೇಲೆ ಬದುಕುವ ರೋಗಿ ಇದ್ದರೆ ಕಂಪನಿಯವರದು ಒಂದು ಪಟ್ಟಿ ಇದೆಯಂತೆ. ಪಟ್ಟಿಯಲ್ಲಿದ್ದವರಿಗೆ ಕರೆಂಟು ತೆಗೆಯುವುದಿಲ್ಲ, ಹೋದರೆ ಬ್ಯಾಟರಿ ತಂದುಕೊಡುತ್ತಾರೆ. ಪಟ್ಟಿಗೆ ಸೇರಲು ಮೀಟರ್ ಬೇಕು. ನೇತುಬಿದ್ದವರನ್ನು ಸೇರಿಸುವುದಿಲ್ಲ.

ಎವಾರಿಸ್ಟೊಗೆ ಹೇಳಿದೆ. ಅವನಿಗೆ ಒಂದು ಮಾತಿಗೆ ಮೂರು ಉಸಿರು ಬೇಕು.

"ನೇತಾಡೋನು... ಇನ್ನೂ ಬಿದ್ದಿಲ್ಲ ಕಣೆ ದಪ್ಪಿ. ಹಗ್ಗ ಬಿಚ್ಚಿದ್ರೆ... ಬೀಳೋದು ತಲೆ ಮೇಲೆ."

"ನಿಂಗೇನು ಗೊತ್ತು ಕಾರ್ಡಿನ ವಿಷಯ."

"ಕಾರ್ಡಿಂದಲ್ಲ. ನೆಲದ ವಿಷಯ ಹೇಳ್ದೆ."

ಡಿಸೆಂಬರ್ 10, ಮಂಗಳವಾರ

ಕಂಪನಿ ಆಫೀಸು. ರೈಲು, ಆಮೇಲೆ ಬಸ್ಸು, ಆಮೇಲೆ ಸಾಲು. ಎವಾರಿಸ್ಟೊನ ಹತ್ತಿರ ಪೊರೊತೊನ ಹೆಂಡತಿಯನ್ನು ಕೂರಿಸಿ ಹೋಗಿದ್ದೆ. ಕೌಂಟರಿನಲ್ಲಿ ಒಳ್ಳೆಯ ಹುಡುಗಿ, ಉಗುರಿಗೆ ನೀಲಿ ಬಣ್ಣ.

"ಈಗ ಕರೆಂಟ್ ಎಲ್ಲಿಂದ ಬರ್ತಿದೆ, ಸೆನ್ಯೋರಾ?"

"ನೇತುಬಿದ್ದಿದೀವಿ."

ಟೈಪು ಮಾಡುವುದನ್ನು ನಿಲ್ಲಿಸಿ ನೋಡಿದಳು. "ಎಲ್ಲರೂ ಪಕ್ಕದ ಮನೆಯಿಂದ ಅಂತ ಹೇಳ್ತಾರೆ. ನಿಜ ಹೇಳಿದ್ದು ನೀವೊಬ್ರೇ."

"ಕಾರ್ಡು ಹೇಳ್ತು."

"ಕಾರ್ಡೇನೂ ಬೇಡ. ಗುರುತಿನ ಚೀಟಿ ಇದ್ರೆ ಸಾಕು."

ನಗು ಬಂತು. ಬಸ್ಸಿನಲ್ಲೂ ನೆನೆಸಿಕೊಂಡು ನಕ್ಕೆ. ಅರ್ಜಿ ಆಯಿತು, ಡಾಕ್ಟರ ಕಾಗದ ಲಗತ್ತಿಸಿದರು. ನೋಡಲು ಜನ ಬರುತ್ತಾರಂತೆ. ಎಷ್ಟೋ ದಿನಗಳ ಮೇಲೆ ಒಂದು ಕೆಲಸ ನೆಟ್ಟಗೆ ಮಾಡಿದ ಹಾಗನ್ನಿಸಿತು. ಬರುವಾಗ ಎವಾರಿಸ್ಟೊಗೆ ಕ್ರೀಮ್ ತುಂಬಿದ ಬನ್ ತಂದೆ. ಮೂವತ್ತು ವರ್ಷ ಬೇಕರಿಯಲ್ಲಿ ಒಲೆ ಮುಂದೆ ನಿಂತವನು. ಒಂದು ಚೂರು ಬಾಯಿಗಿಟ್ಟು, "ಹಿಟ್ಟು ಹುಳಿ ಬಂದಿಲ್ಲ, ಕಳ್ಳರು" ಎಂದ.

ಡಿಸೆಂಬರ್ 18, ಬುಧವಾರ

ಬಂದರು. ಇಬ್ಬರು, ಲಾರಿ, ಏಣಿ. ದೊಡ್ಡವನು ಸಭ್ಯ. ಒಳಗೆ ಬಂದು ಎವಾರಿಸ್ಟೊಗೆ ಟೋಪಿ ತೆಗೆದು ನಮಸ್ಕಾರ ಹೇಳಿದ. ಹೊರಗೆ ಹೋಗಿ ಏಣಿ ಹತ್ತಿ ನಮ್ಮ ಕೊಕ್ಕೆ ಕತ್ತರಿಸಿದ.

ಮಷಿನ್ ಕೀಂ ಎಂದು ಕಿರುಚಿ ನಿಂತಿತು. ಎಂಥ ಸದ್ದು ಅದು... ಹಾಸಿಗೆಯ ಪಕ್ಕದ ಕಬ್ಬಿಣದ ಆಕ್ಸಿಜನ್ ಸಿಲಿಂಡರಿಗೆ ಅವನ ನಳಿಗೆ ಬದಲಿಸಿ ಹೊರಗೆ ಓಡಿದೆ.

"ಮೀಟರ್ ಹಾಕೋಕೆ ಬಂದ್ರಿ ಅಂದ್ಕೊಂಡೆ."

"ಕೊಕ್ಕೆ ಇರೋ ಮನೆಗೆ ಮೀಟರ್ ಹಾಕಂಗಿಲ್ಲ ಅಮ್ಮ. ಮೊದಲು ಇದು ಇಳೀಬೇಕು. ಆಮೇಲೆ ಅದು ಏರುತ್ತೆ."

"ಯಾವಾಗ ಏರೋದು?"

"ಹಬ್ಬ ಕಳೀಲಿ."

"ಒಳಗೆ ಮನುಷ್ಯ ಇದಾನೆ."

"ಗೊತ್ತಮ್ಮ. ಅರ್ಜೀಲಿದೆ. ಮತ್ತೆ ಕೊಕ್ಕೆ ಕಂಡ್ರೆ ಅರ್ಜಿ ರದ್ದು. ಪಕ್ಕದ ಮನೆ ವಯರೂ ಕೊಕ್ಕೆ ಲೆಕ್ಕಾನೇ. ನಾನು ಹೇಳ್ಲಿಲ್ಲ ಅನ್ಬೇಡಿ."

ಓಣಿಯ ಉಳಿದ ಕೊಕ್ಕೆಗಳ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಅವರ ಅರ್ಜಿ ಇರಲಿಲ್ಲವಲ್ಲ.

ಲಾರಿ ತಿರುಗಿದ ಮೇಲೆ ಪೊರೊತೊ ತನ್ನ ಮನೆಯಿಂದ ಹಳದಿ ವಯರು ಎಳೆದು ನಮ್ಮ ಕಿಟಕಿಗೆ ತಂದ. ಬೈದ, ಆದರೂ ತಂದ. "ನಿಮ್ಮನ್ನ ಯಾರು ಕೇಳಿದ್ರು ದೊನ್ಯಾ, ಹೋಗಿ ಹೇಳ್ಕೊಳೋಕೆ?" ಬರೀ ಮಷಿನ್ ಮಾತ್ರ, ಇನ್ನೇನೂ ಹಾಕಬೇಡಿ ಅಂದ. ಈಗ ನೇತುಬಿದ್ದವನ ಕಾಲಿಗೆ ನಾವು ನೇತುಬಿದ್ದಿದ್ದೇವೆ. ದೀಪವಿಲ್ಲ, ಫ್ರಿಜ್ ಇಲ್ಲ. ಗುಂಯ್ ಇದೆ.

ಡಿಸೆಂಬರ್ 24, ಮಂಗಳವಾರ

ಹಬ್ಬ. ಪೊರೊತೊನ ಹೆಂಡತಿ ತಣ್ಣನೆಯ ಮಾಂಸ, ಒಂದು ಬಾಟಲಿ ಸೇಬಿನ ಸಾರಾಯಿ ಕಳಿಸಿದಳು. ನಾನು ಒಣದ್ರಾಕ್ಷಿ ಹಾಕಿದ ಹಬ್ಬದ ಸಿಹಿ ಬ್ರೆಡ್ ಕೊಂಡಿದ್ದೆ. ಎವಾರಿಸ್ಟೊ ಅದನ್ನು ಮೂಸಿ, ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಹಿಡಿದು ತಟ್ಟಿ — ತಿನ್ನುವುದೊಂದು ಬಿಟ್ಟು ಎಲ್ಲ ಮಾಡಿದ.

ಸಂಜೆ ಬೆಳಕು ಇನ್ನೂ ಇತ್ತು. "ಕೊಡು ಇಲ್ಲಿ ಆ ನಿನ್ನ ನೆಂಟನ್ನ" ಎಂದ. ಕಾರ್ಡ್ ಕೊಟ್ಟೆ. ತಲೆಕೆಳಗು ಮಾಡಿ ಹಿಡಿದ.

"ನೋಡು ದಪ್ಪಿ. ಕುಣೀತಿದಾನೆ."

ನಿಜ. ಕೈ ಹಿಂದಕ್ಕೆ ಕಟ್ಟಿ, ಒಂದು ಕಾಲ ತುದಿಯಲ್ಲಿ ನಿಂತು, ಇನ್ನೊಂದನ್ನು ಎತ್ತಿ. ತುಂಟ ಮುಖ. ಕೂದಲು ಮೇಲೆ ಹಾರಿದೆ.

"ನಾನೂ ಹಿಂಗೇ ಕುಣೀತಿದ್ದೆ. ಶನಿವಾರ... ಕ್ಲಬ್ಬಲ್ಲಿ."

"ನೀನೆಲ್ಲಿ ಕುಣಿದಿದ್ದೆ. ಹಿಟ್ಟಿನ ಮೂಟೆ ಥರ ಗೋಡೆಗೆ ಒರಗಿ ನಿಂತಿರ್ತಿದ್ದೆ."

"ಮನಸಲ್ಲಿ ಕುಣೀತಿದ್ದೆ."

ಇಬ್ಬರೂ ನಕ್ಕೆವು. ಅವನು ನಕ್ಕು ಸುಧಾರಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು. ಕಾರ್ಡು ತಲೆಕೆಳಗಾಗಿ ಬಂದರೆ ವ್ಯರ್ಥವಾಗಿ ಹೋದ ತ್ಯಾಗ ಎಂದು ಓದಬೇಕು. ಅದನ್ನು ಹೇಳಲಿಲ್ಲ.

ಜನವರಿ 4, ಶನಿವಾರ

ಕಂಪನಿಗೆ ಫೋನ್. ಸಂಗೀತ. ಕಾಯಿರಿ, ನಿಮ್ಮ ಕರೆ ನಮಗೆ ಮುಖ್ಯ. ಮತ್ತೆ ಸಂಗೀತ. ಕಟ್.

ಡೆಲ್ಮಿರಾ ಬಂದಳು. ಕೂರಲಿಲ್ಲ. ಹುಡುಗ ಅಲ್ಲೇ ಮದುವೆಯಾಗಿದ್ದಾನಂತೆ. ಫೋಟೊ ಅವಳಿಗೆ ಕಂಡದ್ದು ಯಾರದೋ ಫೋನಿನಲ್ಲಿ.

"ನೀವು ಕಾಯಿ ಅಂದ್ರಿ."

ಕುರ್ಚಿ ಎಳೆದು ಕೊಟ್ಟೆ. ಅದರ ಕಡೆ ನೋಡಲೂ ಇಲ್ಲ.

"ಪ್ರಭೆ ಇದೆ ಅಂದ್ರಿ. ತಾನೇ ಒಪ್ಪಿ ನೇತಾಡ್ತಿದಾನೆ ಅಂದ್ರಿ. ಅವನಲ್ಲ ದೊನ್ಯಾ ನೇತಾಡಿದ್ದು. ನನ್ನನ್ನ ನೇತುಹಾಕಿ ಹೋದ. ಅದೂ ಅದೇ ಮಾತಲ್ವಾ? ಆ ಅರ್ಥ ನಿಮ್ಮ ಪುಸ್ತಕದಲ್ಲಿ ಇರ್ಲಿಲ್ವಾ?"

ಅದೂ ಅದೇ ಮಾತು. ಕೊಟ್ಟ ಮಾತಿಗೆ ಬಾರದವನು ನಮ್ಮನ್ನು ನೇತುಹಾಕಿದ ಅನ್ನುತ್ತೇವೆ. ನನಗೆ ಹೊಳೆದಿರಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ ಬಂದು ನನ್ನ ಕೆನ್ನೆಗೆ ಮುತ್ತು ಕೊಟ್ಟು ಹೋದಳು, ಅಭ್ಯಾಸ ಬಲ. ಅದು ಬೈಗಳಿಗಿಂತ ಉರಿಯಿತು.

ಗಿರಾಕಿ ಬಂದರೆ ಇನ್ನು ಏನು ಓದಲಿ? ನನಗೆ ಈ ಕೆಲಸ ಬರುತ್ತದೆ ಎಂಬ ನಂಬಿಕೆ ಇವತ್ತು ಸ್ವಲ್ಪ ಸತ್ತಿತು.

ಜನವರಿ 9

ಕಂಪನಿ — ಸಂಗೀತ. ಸಿಲಿಂಡರ್ ತುಂಬಿಸಿಕೊಡುವವರು ಹಬ್ಬದ ರಜೆ ಮುಗಿಸಿ ಬಂದಿಲ್ಲ. ಕರೆಂಟು ಹೋದಾಗಲೆಲ್ಲ ಬಳಸಿ ಅದರ ಮುಳ್ಳು ಅರ್ಧಕ್ಕಿಂತ ಕೆಳಗೆ. ಹಳದಿ ವಯರು ಮುಟ್ಟಿದರೆ ಬಿಸಿ. ಎವಾರಿಸ್ಟೊ ತಗಡನ್ನೇ ನೋಡುತ್ತಾ ಮಲಗಿರುತ್ತಾನೆ. ತಮಾಷೆ ಕಡಿಮೆಯಾಗಿದೆ. ನನಗೆ ಭಯ.

ಜನವರಿ 13, ಸೋಮವಾರ

ಕಂಪನಿಯವರೇ ಫೋನ್ ಮಾಡಿದರು. ನಾಳೆ ಮೀಟರ್. ಎಂಟರಿಂದ ಹನ್ನೆರಡರೊಳಗೆ. ಮನೆಗೆ ಯಾವ ವಯರೂ ಹೊರಗಿನಿಂದ ಬಂದಿರಬಾರದು, ಬಂದಿದ್ದರೆ ಫೋಟೊ ತೆಗೆದು ವಾಪಸ್ ಹೋಗುತ್ತಾರೆ, ಮತ್ತೆ ಮೊದಲಿನಿಂದ ಅರ್ಜಿ. ಫೋನಿನ ಹುಡುಗಿ ಎರಡು ಸಲ ಓದಿ ಹೇಳಿದಳು.

ಎವಾರಿಸ್ಟೊನ ಹತ್ತಿರ ಓಡಿದೆ. "ನಾಳೆ ಫ್ರಿಜ್ಜಿನ ನೀರು ಕುಡೀತೀಯಾ" ಎಂದೆ. ಕೈ ಎತ್ತಿ ನನ್ನ ಗಲ್ಲ ಹಿಂಡಿದ. ಕೈಯಲ್ಲಿ ತೂಕವೇ ಇಲ್ಲ.

ಪೊರೊತೊಗೆ ಹೇಳಿದರೆ ಅವನದು ಬೇರೆ ರಾಗ. "ಅವರ ಲಾರಿ ಮೂಲೇಲಿ ಕಂಡ ಮೇಲೆ ವಯರು ಕಿತ್ರಾಯ್ತು. ಈಗ್ಲೇ ಯಾಕೆ?"

ಲಾರಿ ಮೂಲೆಗೆ ಬಂದದ್ದು ನಮಗೆ ಕಾಣದಿದ್ದರೆ? ಇಷ್ಟು ಮಾಡಿ ಒಂದು ವಯರಿಗೆ ಕಳೆದುಕೊಳ್ಳಲೇ?

ಜನವರಿ 14, ಮಂಗಳವಾರ, ಬೆಳಿಗ್ಗೆ 7.30

ಬೆಳಗಿನ ಕಾರ್ಡ್ — ಸೂರ್ಯ. ಎಷ್ಟು ದಿನವಾಗಿತ್ತು ಬಂದು. ಮೇಲೆ ಹಳದಿ ಮುಖ, ಕೆಳಗೆ ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದಾರೆ, ಅಕ್ಕ ತಮ್ಮನ ಹಾಗೆ. ಗೆಲುವು, ಬೆಳಕು, ಬಿಡುಗಡೆ. ಎಲ್ಲ ಪುಸ್ತಕಗಳೂ ಒಂದೇ ಮಾತು ಹೇಳುವ ಕಾರ್ಡು ಇದೊಂದೇ.

ವಯರು ಕಿತ್ತೆ. ಸುತ್ತಿ ಮಂಚದ ಕೆಳಗಿಟ್ಟೆ. ಸಿಲಿಂಡರಿಗೆ ನಳಿಗೆ. ಮಧ್ಯಾಹ್ನದ ತನಕ ಧಾರಾಳ ಬರುತ್ತದೆ. ಮನೆ ಇಷ್ಟು ನಿಶ್ಶಬ್ದ ಇದ್ದದ್ದೇ ಇಲ್ಲ.

9.40

ಬಂದಿಲ್ಲ. ಎವಾರಿಸ್ಟೊ ಗಡ್ಡ ಹೆರೆಸಿಕೊಂಡ — "ಕಂಪನಿಯೋರು ಬರ್ತಾರಲ್ಲ". ಕೆನ್ನೆ ಒಳಗೆ ಹೋಗಿದೆ, ಬ್ಲೇಡು ತಿರುಗಿಸುವುದು ಕಷ್ಟ. ಈಗಲೇ ತಗಡು ಟಕ್ ಟಕ್ ಅನ್ನುತ್ತಿದೆ.

11.10

ಓಣಿಯ ಫ್ಯಾನು, ಟೀವಿ, ರೇಡಿಯೊ ಎಲ್ಲ ಒಟ್ಟಿಗೆ ನಿಂತವು. ಲೈನ್ ಹೋಯಿತು. ಸೆಕೆಗೆ ಎಲ್ಲೋ ಸುಟ್ಟಿದೆಯಂತೆ. ಹಳದಿ ವಯರೂ ಈಗ ಬರೀ ವಯರು.

ಪೊರೊತೊ ಬಾಡಿಗೆಗೆ ಹೊರಟವನು ಬಾಗಿಲಲ್ಲಿ ನಿಂತ. "ದೊಡ್ಡ ರಸ್ತೆ ಲೈನಲ್ಲಿ ಕರೆಂಟಿದೆ. ಬಿದಿರು ತರ್ಲಾ ದೊನ್ಯಾ? ಹತ್ತು ನಿಮಿಷದ ಕೆಲಸ. ಮೇಸ್ತ್ರಿಗೆ ಆಗ್ತಿಲ್ಲ, ನೋಡಿ."

ಮೇಸ್ತ್ರಿ ಎಂದು ಅವನು ಎವಾರಿಸ್ಟೊಗೆ ಅನ್ನುವುದು, ಬೇಕರಿ ಕಾಲದಿಂದ.

"ಹನ್ನೆರಡರ ತನಕ ಕಾಯೋಣ. ಕೊಕ್ಕೆ ಹಾಕ್ತಿರೋವಾಗ್ಲೇ ಅವರು ಬಂದ್ರೆ?"

"ನೀಲ್ದಾ" ಎಂದ ಎವಾರಿಸ್ಟೊ.

ಹುಟ್ಟಿದಾಗಿನಿಂದ ದಪ್ಪಿ ಅಂದವನು. ನನ್ನ ಹೆಸರು ಅವನ ಬಾಯಲ್ಲಿ ಬೇರೆಯವರ ಹೆಸರಿನಂತೆ ಕೇಳಿತು.

"ನೀಲ್ದಾ... ಹಾಕಿಸಿಬಿಡು."

"ಇಷ್ಟು ದಿನ ಕಾದಿದೀವಿ, ರಾಜ. ಇನ್ನು ಸ್ವಲ್ಪ ಹೊತ್ತು."

ಪೊರೊತೊ ಭುಜ ಕುಣಿಸಿ ಹೋದ.

12.20

ಯಾರೂ ಇಲ್ಲ. ಮುಳ್ಳು ಕೆಂಪಿನಲ್ಲಿ. ಕಂಪನಿ — ಸಂಗೀತ. ಆಂಬುಲೆನ್ಸಿಗೆ ಮಾಡಿದೆ, ಹೊರಟಿದೆ ಎಂದರು, ಎಲ್ಲಿಂದ ಎಂದು ಹೇಳಲಿಲ್ಲ. ಪೊರೊತೊ ಫೋನ್ ಎತ್ತುತ್ತಿಲ್ಲ. ಡೆಲ್ಮಿರಾ ಐಸ್ ತಂದು ಎವಾರಿಸ್ಟೊನ ಹಣೆಗೆ ಒತ್ತುತ್ತಿದ್ದಾಳೆ. ಯಾವುದಾದರೂ ಕಾರು ಸಿಗುತ್ತದಾ ಎಂದು ಅವಳೇ ಆಮೇಲೆ ದೊಡ್ಡ ರಸ್ತೆಗೆ ಓಡುತ್ತಾಳಂತೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವನ ಉಗುರು ಆ ಕೌಂಟರಿನ ಹುಡುಗಿಯ ಹಾಗೆ ನೀಲಿ

ಜನವರಿ 22, ಬುಧವಾರ

ಎವಾರಿಸ್ಟೊ ಹೋದ. ಅದೇ ಮಂಗಳವಾರ, ಮಧ್ಯಾಹ್ನ ಊರೆಲ್ಲ ಉಂಡು ಮಲಗುವ ಹೊತ್ತಿಗೆ. ಆಂಬುಲೆನ್ಸಿನವರು ಬಂದು ಜೀವ ಇಲ್ಲ ಎಂದು ಹೇಳಿ ಹೋದರು. ಡೆಲ್ಮಿರಾ ಹಿಡಿದ ಅವನ ಕೈ ಬಿಟ್ಟಿರಲಿಲ್ಲ. ನಾನು ಬಾಗಿಲಲ್ಲಿ ಲಾರಿ ಬರುತ್ತದಾ ಎಂದು ನೋಡುತ್ತಿದ್ದೆ.

ಪೊರೊತೊ ಶವದ ಹತ್ತಿರ ನಿಂತು ಅತ್ತ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇವತ್ತು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಓದಲು ಅಲ್ಲ. ಆ ವಾರ ಮೂರು ಸಲ ಬಂದ ಅಂತ ಎಣಿಸಿದ್ದೆನಲ್ಲ. ಸೋಮವಾರ ಬಂದದ್ದು ನಮಗಲ್ಲ. ಡೆಲ್ಮಿರಾಳ ಕೈ ಇಟ್ಟ ಕಾರ್ಡು ಅದು, ಡೆಲ್ಮಿರಾಳ ಪ್ರಶ್ನೆ. ನಮ್ಮ ಮನೆಗೆ ಬಂದದ್ದು ಎರಡೇ ಸಲ. ಎರಡು ಸಲ ಬಂದರೆ ಪುಸ್ತಕ ಮುಚ್ಚುವ ಹಾಗಿಲ್ಲ. ಪುಸ್ತಕ ಏನು ಹೇಳುತ್ತದೆ — ಒದ್ದಾಡಬೇಡ, ಇದ್ದಲ್ಲೇ ಇರು.

ಅಥವಾ ಮೂರು ಸಲವೇ ಬಂದನೋ. ಕೊಕ್ಕೆ ಬಿಡಿಸು ಅಂದನೋ, ಬಿಡಿಸಬೇಡ ಅಂದನೋ, ಇವರು ನಿನ್ನನ್ನು ನೇತುಹಾಕುತ್ತಾರೆ ಎಂದು ಎಚ್ಚರಿಸಿದನೋ. ಮೂರಕ್ಕೂ ಅದೇ ಮುಖ. ಸೂರ್ಯನನ್ನೂ ಪುಸ್ತಕದಂತೆ ಓದಿದೆ. ಕಿಟಕಿ ತೆರೆದು ನೋಡಿದ್ದರೆ ಸಾಕಿತ್ತು, ಸೂರ್ಯ ಅಂದರೆ ಸೂರ್ಯ, ಲೈನು ಸುಡುವ ಬಿಸಿಲು.

ಕಾರ್ಡು ಓದಲು ಬಾರದ ಎವಾರಿಸ್ಟೊ ಒಬ್ಬನೇ ಸರಿಯಾಗಿ ಓದಿದ್ದ. ನೇತಾಡುವವನು ಇನ್ನೂ ಬಿದ್ದಿಲ್ಲ ಎಂದು.

ಬಾಗಿಲಿಗೆ ಇಬ್ಬರು ಗಿರಾಕಿ ಬಂದಿದ್ದರು. ಇಲ್ಲ ಎಂದೆ. ಬೆಳಗಿನ ಕಾರ್ಡೂ ತೆಗೆಯುತ್ತಿಲ್ಲ. ಯಾವ ಮನೆಗೆ ಅಂತ ತೆಗೆಯಲಿ?

ಜನವರಿ 29, ಬುಧವಾರ

ಮೀಟರ್ ಹಾಕಿದರು.

ಕೇಳದೆ ಬಂದರು. ಅದೇ ದೊಡ್ಡವನು, ಅದೇ ಟೋಪಿ. ಹದಿನಾಲ್ಕಕ್ಕೆ ಲಾರಿ ಕೆಟ್ಟಿತ್ತಂತೆ, ಆಮೇಲೆ ಎಲ್ಲ ಕಡೆ ಲೈನ್ ಸುಟ್ಟು ಪುರಸೊತ್ತಿರಲಿಲ್ಲವಂತೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಒಳಗೆ ಯಾರೂ ಇಲ್ಲ ಎಂದು ಹೇಳಲಿಲ್ಲ. ಅವನು ಗೋಡೆಗೆ ಬೂದು ಪೆಟ್ಟಿಗೆ ಹೊಡೆದು, ಬೀಗದ ಮುದ್ರೆ ಒತ್ತಿ, ಸಹಿ ಹಾಕಿಸಿಕೊಂಡ.

"ಇನ್ನು ನೀವು ನೇತುಬಿದ್ದೋರಲ್ಲ ಅಮ್ಮ. ಪಟ್ಟಿಗೂ ಸೇರಿಸಿದಾರೆ, ನಿಮ್ಮ ತಮ್ಮನ ಹೆಸರಿದೆ. ಕರೆಂಟ್ ಹೋದ್ರೆ ಈ ನಂಬರಿಗೆ ಮಾಡಿ, ಬ್ಯಾಟರಿ ತರ್ತಾರೆ."

"ಸರಿ" ಎಂದೆ.

"ಒಳಗಿನ ಸ್ವಿಚ್ ಹಾಕಿ ನೋಡಿ. ನಾನು ಇಲ್ಲಿಂದ ನೋಡ್ತೀನಿ."

ಹೋಗಿ ಹಾಕಿದೆ. ಅಡುಗೆಮನೆಯ ದೀಪ ಹತ್ತಿತು. ಫ್ರಿಜ್ ನಡುಗಿ ಶುರುವಾಯಿತು. ಆಮೇಲೆ ಹಿಂದಿನ ಕೋಣೆಯಲ್ಲಿ ಕೀಂ ಎಂದು ಒಂದು ಸಲ, ಆಮೇಲೆ ಗುಂಯ್...

ಮಷಿನ್ನನ್ನು ಯಾರೂ ಆರಿಸಿರಲಿಲ್ಲ. ಅದರ ಪ್ಲಗ್ಗನ್ನು ಮೀಟರಿನವರಿಗಾಗಿ, ಹಳದಿ ವಯರು ಕಿತ್ತ ದಿನವೇ, ಗೋಡೆಗೆ ಸಿಕ್ಕಿಸಿಟ್ಟಿದ್ದೆ.

"ಬರ್ತಿದೆ" ಎಂದು ಹೊರಗಿನಿಂದ ಅವನು ಕೂಗಿದ. ಲಾರಿ ಹೋದ ಸದ್ದೂ ಕೇಳಿತು.

ಹೋಗಿ ಆರಿಸಬೇಕು. ಪರದೆ ಸರಿಸಿದರೆ ಸಾಕು, ಕೈಗೆ ಸಿಗುವಷ್ಟು ಹತ್ತಿರ ಇದೆ. ಇಲ್ಲಿ ಕೂತು ಬರೆಯುತ್ತಿದ್ದೇನೆ, ಅದು ಅಲ್ಲಿ ಉಸಿರಾಡುತ್ತಿದೆ. ಇಷ್ಟು ಬರೆದು ಎದ್ದು